ಒಂಟಿ ಹುಣಸೆಮರದ ಹತ್ತಿರ

ಜೂನ್ 9, ಸೋಮವಾರ. ಊಟದ ನಂತರ

ಇವತ್ತು ಎರಡು ಟೂಲ್‌ಗಳ ವಿವರಣೆ ಬರೆದು ಮುಗಿಸಿದೆ. 'ವ್ಯಾನ್ ಬುಕ್ ಮಾಡು', 'ಸ್ಥಳ ಹುಡುಕು'. ನಾನು ಬರೆಯುವುದು ಮನುಷ್ಯರಿಗಲ್ಲ, ಫೋನ್ ಎತ್ತುವ ಎಐ ಏಜೆಂಟ್‌ಗೆ. ಡಯಾಲಿಸಿಸ್‌ಗೆ ಹೋಗುವವರು ಕರೆ ಮಾಡುತ್ತಾರೆ. ಅದು ಮಾತಾಡಿಸಿ, ನನ್ನ ವಿವರಣೆ ಓದಿ, ಸರಿಯಾದ ಟೂಲ್ ಬಳಸಿ ವ್ಯಾನ್ ಕಳಿಸಬೇಕು. ನಾನು ಬರೆಯದೆ ಬಿಟ್ಟದ್ದು ಅದಕ್ಕೆ ತಿಳಿಯುವುದಿಲ್ಲ.

'ಸ್ಥಳ ಹುಡುಕು' ವಿವರಣೆಯ ಕೊನೆಗೊಂದು ಸಾಲು — "ಹೇಳಿದ ಜಾಗ ಸಿಗದಿದ್ದರೆ ಹತ್ತಿರದ ಹೆಸರನ್ನು ಆರಿಸು." ಟೀಮ್ ಲೀಡ್ ಅಂಬರೀಶ್‌ಗೆ ಬಹಳ ಹಿಡಿಸಿತು. "ಗೊತ್ತಿಲ್ಲ ಅನ್ನೋ ಮಾತೇ ಬರ್ಬಾರ್ದು ಕಣ್ರೀ ಮಂಜುಶ್ರೀ. ಡೆಮೋ ಬಿದ್ದೋಗುತ್ತೆ."

ನಮ್ಮೂರೂ ಹಾಗೇ. ದಾರಿ ಕೇಳಿದವರಿಗೆ ಗೊತ್ತಿಲ್ಲ ಎಂದವರನ್ನು ನಾನಂತೂ ಕಂಡಿಲ್ಲ. "ಇಲ್ಲೇ ಮುಂದೆ" ಅಂತ ಕೈ ತೋರಿಸುತ್ತಾರೆ. ಕೇಳಿದವನು ಹೊಸೂರು ತಲುಪಿದರೆ ಅವನ ಹಣೆಬರಹ.

ಆಫೀಸಿನ ಏಳನೇ ಮಹಡಿ, ಕ್ಯಾಂಟೀನಿನ ಕಿಟಕಿ. ಕೆಳಗೆ ಪಾರ್ಕಿಂಗ್. ಅಪ್ಪನ ಪ್ರಕಾರ ಅಲ್ಲೇ ನಮ್ಮ ರಾಗಿ ಹೊಲ ಇದ್ದದ್ದು. ಮೊಸರನ್ನದ ಮಂಪರು... ಕಾರುಗಳ ನಡುವೆ ಹಸಿರು ಬಾಗಿ ಏಳುತ್ತಿತ್ತು. ಕಣ್ಣುಜ್ಜಿಕೊಳ್ಳಲು ಮನಸ್ಸಾಗಲಿಲ್ಲ.

ಜೂನ್ 11, ಬುಧವಾರ. ಬೆಳಿಗ್ಗೆ

ಚರಂಡಿಗೆಂದು ಗಲ್ಲಿ ಅಗೆದಿದ್ದಾರೆ. ವ್ಯಾನ್ ಮನೆ ತನಕ ಬರುವುದಿಲ್ಲ. ನಾಳೆ ಡಯಾಲಿಸಿಸ್‌ಗೆ ಹೋಗಲು ಅಪ್ಪ ಮೇನ್ ರೋಡಿಗೆ ಹೋಗಿ ನಿಲ್ಲಬೇಕು. ಬುಕ್ ಮಾಡಿಕೊಡುತ್ತೇನೆ ಎಂದೆ. ಬೇಡವಂತೆ. ವೆಂಕಟರಮಣಪ್ಪನವರಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಬೇಕು.

"ನಾನೇ ಪೋನ್ ಮಾಡ್ತೀನಿ ಬಿಡಮ್ಮ. ಒಂಟಿ ಉಣಸೆಮರದತ್ರ ನಿಂತಿರ್ತೀನಿ ಅಂದ್ರೆ ಆಯ್ತು."

ಹೂಂ ಅಂದೆ. ಗೌಡರ ಬಾವಿ, ಕುಂಟೆ ಏರಿ, ಒಂಟಿ ಹುಣಸೆಮರ... ಚಿಕ್ಕಂದಿನಿಂದ ಕೇಳುತ್ತಲೇ ಬಂದ ಹೆಸರುಗಳು. ಜೋಗುಳದ ಹಾಗೆ ನಿದ್ದೆ ತರಿಸುತ್ತವೆ. ಅರ್ಥ ಕೇಳಬೇಕು ಅನ್ನಿಸಿದ್ದೇ ಇಲ್ಲ.

ಒಂದು ಸಲವೂ ಡಯಾಲಿಸಿಸ್ ತಪ್ಪಿಸಬೇಡಿ ಅಂತ ಡಾಕ್ಟರ್ ಮತ್ತೆ ಹೇಳಿದ್ದಾರೆ.

ಜೂನ್ 12, ಗುರುವಾರ. ಸಂಜೆ

ವ್ಯಾನ್ ಬರಲಿಲ್ಲ. ಅಲ್ಲ, ಬಂದಿತ್ತು — ವರ್ತೂರು ಆಚೆ 'ಹುಣಸೆಮರ' ಎಂಬ ಊಟದ ಹೋಟೆಲಿನ ಮುಂದಕ್ಕೆ. ಡ್ರೈವರ್ ಮುತ್ತು ಗದಗಿನ ಕಡೆಯವನು. ನನಗೇ ಫೋನ್ ಮಾಡಿದ. "ನಾ ಇಲ್ಲೇ ನಿಂತೇನ್ರಿ ಮೇಡಂ. ಅಜ್ಜಾರು ಕಾಣವಲ್ರು. ಫೋನ್ ಹಚ್ಚಿದ್ರ ಎತ್ತವಲ್ರು."

ಅಪ್ಪನ ಫೋನ್ ಮನೆಯಲ್ಲಿ ಚಾರ್ಜಿಗಿತ್ತು. ಅಪ್ಪ ಬಿಸಿಲಿನಲ್ಲಿದ್ದರು. ಆಸ್ಪತ್ರೆಯ ಬೆಡ್ ಬೇರೆಯವರಿಗೆ ಹೋಯಿತು, ಶನಿವಾರ ಬನ್ನಿ ಅಂದರು.

ಏಜೆಂಟ್ ತಪ್ಪು ಮಾಡಿಲ್ಲ. ಆ ಮರ ಮ್ಯಾಪಿನಲ್ಲಿಲ್ಲ. ಹತ್ತಿರದ ಹೆಸರನ್ನು ಆರಿಸಿತು. ನಾನು ಹೇಳಿಕೊಟ್ಟ ಹಾಗೆ.

ಜೂನ್ 16, ಸೋಮವಾರ

ಶುಕ್ರವಾರ ಅಪ್ಪನಿಗೆ ಉಸಿರು ಕಟ್ಟಿತು. ಎಮರ್ಜೆನ್ಸಿ. ನಿನ್ನೆ ಮನೆಗೆ ಕರೆತಂದೆ. ಕಾಲಿನ ಊತ ಇಳಿದಿದೆ.

ಅಪ್ಪ ಈಗ ಫೋನ್ ಮುಟ್ಟುತ್ತಿಲ್ಲ. "ನಾನು ಸರಿಯಾಗೇ ಯೋಳ್ದೆ ಅಂತ ಅನ್ಕೊಂಡಿದ್ದೆ. ಅದೂ ಸರಿ ಅಂತು. ನಂಗೇ ಅರಳುಮರಳು ಇಡ್ದೈತೆ ಕಣಮ್ಮ."

ಇಲ್ಲ ಅಪ್ಪ, ಅಂದೆ. ನಂಬಲಿಲ್ಲ. ಹುಟ್ಟಿದ ಊರಿನಲ್ಲಿ ದಾರಿ ತಪ್ಪಿದವರ ಹಾಗೆ ಜಗುಲಿಯ ಮೇಲೆ ಕೂತಿದ್ದಾರೆ. ನೋಡಲಾಗುವುದಿಲ್ಲ.

ಜೂನ್ 17, ಮಂಗಳವಾರ. ಆಫೀಸು

ಆ ಸಾಲು ಅಳಿಸಿದೆ. ಹೊಸದು — "ಸಿಗದಿದ್ದರೆ ಊಹಿಸಬೇಡ. ಗೊತ್ತಿಲ್ಲ ಎಂದು ಹೇಳು. ಈಗ ಅಲ್ಲಿ ಏನಿದೆ ಎಂದು ಕೇಳು. ಖಚಿತವಾಗುವ ತನಕ ವ್ಯಾನ್ ಕಳಿಸಬೇಡ."

ಅಂಬರೀಶ್ ಓದಿದರು. "ಊರಿಗೊಂದು ದಾರಿ ಆದ್ರೆ ಪೋರನಿಗೊಂದು ದಾರಿ. ಎಷ್ಟೊತ್ತೂಂತ ಕೇಳ್ತಾ ಕೂರುತ್ತೆ ರೀ ಅದು?"

"ನಮ್ಮಪ್ಪ ಬಿಸಿಲಲ್ಲಿ ನಿಂತಷ್ಟು ಹೊತ್ತು," ಅಂದೆ.

ದನಿ ಜೋರಾಯಿತೇನೋ. ಪಕ್ಕದವರು ತಿರುಗಿ ನೋಡಿದರು. ಅಂಬರೀಶ್ ಕನ್ನಡಕ ತೆಗೆದು ಒರೆಸಿದರು. ಒಂದು ವಾರ ಇಟ್ಟು ನೋಡೋಣ ಅಂದರು.

ಮಧ್ಯಾಹ್ನ ಕಿಟಕಿಯ ಹತ್ತಿರ ಕೂತೆ. ಇವತ್ತು ಬರೀ ಕಾರುಗಳು.

ಜೂನ್ 24, ಮಂಗಳವಾರ. ಬೆಳಿಗ್ಗೆ

ಕಾಡಿ ಬೇಡಿ ಫೋನ್ ಕೈಗೆ ಕೊಟ್ಟೆ. ಸ್ಪೀಕರ್ ಹಾಕಿದೆ. ಅಪ್ಪ ಹೆದರಿ ಹೆದರಿ ಅದೇ ಹೇಳಿದರು, ಒಂಟಿ ಉಣಸೆಮರ.

ಏಜೆಂಟ್ ಹೇಳಿತು:

"ಆ ಮರ ನನಗೆ ಗೊತ್ತಿಲ್ಲ. ಈಗ ಅಲ್ಲಿ ಏನಿದೆ, ಹೇಳ್ತೀರಾ?"

ಅಪ್ಪ ಫೋನನ್ನೇ ನೋಡಿದರು. ಆಮೇಲೆ ಬೆನ್ನು ನೆಟ್ಟಗಾಯಿತು. "ಮರ ಕಡ್ದು ಕಾಲ ಆಯ್ತಪ್ಪ. ಈವಾಗ ಟೈಲ್ಸ್ ಅಂಗಡಿ ಐತೆ. ಅದ್ರ ಮುಂದೆ ಪುಟ್‌ಪಾತು ವಸಿ ಉಬ್ಬೈತೆ ನೋಡು, ಅದು ಆ ಮರದ ಬೇರು."

ವ್ಯಾನ್ ಅಂಗಡಿಯ ಮುಂದಕ್ಕೇ ಬುಕ್ ಆಯಿತು. ಅಪ್ಪನ ಮುಖ ನೋಡಬೇಕಿತ್ತು. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತದೆ. ಒಳ್ಳೇದು ಕಣಮ್ಮ ಅದು."

"ಅಪ್ಪ, ನಂಗೂ ಗೊತ್ತಿಲ್ಲ. ಯಾವ ಮರ, ಯಾವ ಬಾವಿ... ಸುಮ್ನೆ ಹೂಂ ಅಂತಿದ್ದೆ."

"ಅದು ನಂಗೊತ್ತಿತ್ತು," ಅಂದರು. ಚಪ್ಪಲಿ ಮೆಟ್ಟಿಕೊಂಡರು. "ಬಾ."

ಅದೇ ದಿನ, ಹತ್ತು ಗಂಟೆ. ಮೊಬೈಲಿನಲ್ಲಿ

ರಜೆ ಹಾಕಿದೆ. ಟೈಲ್ಸ್ ಅಂಗಡಿಯ ಮುಂದೆ ನಿಂತಿದ್ದೇವೆ. ಫುಟ್‌ಪಾತ್ ನಿಜವಾಗಿಯೂ ಉಬ್ಬಿದೆ. ದಿನವೂ ಇಲ್ಲೇ ಎಡವುತ್ತಿದ್ದೆ. ಅಪ್ಪ ಆ ಉಬ್ಬಿನ ಮೇಲೆ ನಿಂತು ಕೈ ಚಾಚಿ ಒಂದೊಂದೇ ತೋರಿಸುತ್ತಿದ್ದಾರೆ. ಎಲ್ಲಿ, ಅಂತ ಕೇಳುತ್ತಿದ್ದೇನೆ. ಆ ನೀಲಿ ಗಾಜಿನ ಬಲಕ್ಕೆ ಗೌಡರ ಬಾವಿ. ಬಸ್ ತಿರುಗುವ ಕಡೆ ಕುಂಟೆ ಏರಿ. ಏರಿ ಇಳಿದರೆ ನಮ್ಮ ಹೊಲದ ಬದು, ಆ ಬದುವಿನ ಮೇಲೆ ನಿಮ್ಮಮ್ಮ ಬುತ್ತಿ ಇಟ್ಕೊಂಡು ಕಾಯ್ತಿದ್ಲು, ಅನ್ನುತ್ತಿದ್ದಾರೆ ಅಪ್ಪ.