ಉಷ್ಣದ ಗುಳ್ಳೆ

ಬೆಸ್ಟ್, ನೆದರ್ಲೆಂಡ್ಸ್
೧೭ ನವೆಂಬರ್ ೨೦೨೪

ಪ್ರೀತಿಯ ಅಮ್ಮ,

ನಮಸ್ಕಾರ. ನೀನು ಮೈಸೂರು ಸೇರಿದ ಮೇಲೆ ಇದೇ ಮೊದಲ ಕಾಗದ. ತಡವಾಯಿತು, ಕ್ಷಮಿಸು. ನನ್ನ ಫೋನನ್ನು ನೀನು ಎತ್ತುವುದಿಲ್ಲವಲ್ಲ, ಇನ್ನೇನು ಮಾಡಲಿ? ಇಲ್ಲಿ ಚಳಿ ಶುರುವಾಗಿದೆ. ನಿನ್ನ ಅಳಿಯ ಚರಣ್ ಆಫೀಸಿಗೆ ಹೋಗುತ್ತಿದ್ದಾರೆ. ನಾನು ಉಣ್ಣುತ್ತೇನೆ, ಮಲಗುತ್ತೇನೆ. ಅಳು ಮಾತ್ರ ಬರುವುದಿಲ್ಲ. ಮಗು ಹೋದ ದಿನವೂ ಬರಲಿಲ್ಲ, ನೀನೇ ನೋಡಿದೆಯಲ್ಲ.

ನೀನು ತಟ್ಟೆ, ಲೋಟ ಬೇರೆ ಇಟ್ಟುಕೊಂಡಿದ್ದೀಯಂತೆ. ಅಣ್ಣನ ಮಗಳು ಹಿತಾ ತೊಡೆಯೇರಲು ಬಂದರೆ ಎದ್ದು ಹೋಗುತ್ತೀಯಂತೆ. ಚೇತನ್ ಅಣ್ಣ ಹೇಳಿದ. "'ನಾನೇ ಮಗೂನ ಕೊಂದೆ' ಅಂತಾಳೆ ಕಣೇ ಅಮ್ಮ, ನೀನಾದ್ರೂ ಸ್ವಲ್ಪ ಹೇಳು," ಎಂದ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಇಲ್ಲಿದ್ದಾಗ ನಿನ್ನ ತುಟಿಯ ಗುಳ್ಳೆ ನೋಡಿ ಇದೇನಮ್ಮ ಎಂದು ಕೇಳಿದ್ದೆ. "ಉಷ್ಣ ಕಣೇ, ಎರಡು ಲೋಟ ಮಜ್ಜಿಗೆ ಕುಡಿದ್ರೆ ಹೋಗತ್ತೆ," ಎಂದಿದ್ದೆ ನೀನು. ನಾನೂ ಹಾಗೇ ನಂಬಿಕೊಂಡೇ ಬೆಳೆದವಳು. ಬಾಣಂತನಕ್ಕೆ ಬರುತ್ತಿದ್ದ ಇಲ್ಲಿನ ನರ್ಸ್ ಇದ್ದಿದ್ದರೆ ನೀನು ಮಗುವಿಗೆ ಮುತ್ತಿಡುವುದನ್ನು ತಡೆಯುತ್ತಿದ್ದಳೇನೋ. ಅಷ್ಟು ಹೊತ್ತಿಗೆ ಅವಳು ಬರುವುದು ಮುಗಿದಿತ್ತು. ಅದು ಹರ್ಪಿಸ್ ವೈರಸ್ಸೆಂದು, ನಮಗೆ ಬರೀ ಗುಳ್ಳೆಯಾದದ್ದು ಎಳೆಗೂಸಿನ ಪ್ರಾಣಕ್ಕೇ ಬರಬಹುದೆಂದು ಗೊತ್ತಾದದ್ದು ಆಸ್ಪತ್ರೆಯಲ್ಲಿ.

"ಅಷ್ಟೊಂದು ಔಷಧಿ ಹಾಕಿದ್ರಲ್ಲ, ಯಾಕೆ ಉಳೀಲಿಲ್ಲ?" ಎಂದು ಹೊರಡುವಾಗಲೂ ನೀನು ಕೇಳಿದೆ. ಡಾಕ್ಟರನ್ನು ನಾನೂ ಅದನ್ನೇ ಕೇಳಿದ್ದೆ. ಆಕೆ ಚಿತ್ರ ಬರೆದು ತೋರಿಸಿದಳು. ವೈರಸ್ ನಮ್ಮ ಜೀವಕೋಶದೊಳಗೆ ಕೂತು ತನ್ನದೇ ಪ್ರತಿಗಳನ್ನು ಮಾಡಿಕೊಳ್ಳುತ್ತದೆ, ನೀನು ಮೊಗ್ಗಿಗೆ ಮೊಗ್ಗು ಸೇರಿಸಿ ದಂಡೆ ಕಟ್ಟುವ ಹಾಗೆ. ಅಸೈಕ್ಲೋವಿರ್ ಎಂಬ ಆ ಔಷಧಿ ಒಂದು ಕಳ್ಳಮೊಗ್ಗು. ಅದು ಸೇರಿತೆಂದರೆ ಮುಂದೆ ಇನ್ನೊಂದನ್ನು ಕಟ್ಟಲಾಗುವುದಿಲ್ಲ, ದಂಡೆ ಅಲ್ಲಿಗೇ ನಿಲ್ಲುತ್ತದೆ. ಸೋಂಕಿಲ್ಲದ ಕೋಶದಲ್ಲಿ ಅದು ಹೆಚ್ಚುಕಡಿಮೆ ಸುಮ್ಮನೆ ಬಿದ್ದಿರುತ್ತದಂತೆ. ಅದನ್ನು ಮೊದಲು ಎಬ್ಬಿಸುವುದು ವೈರಸ್ಸಿನದೇ ಕಿಣ್ವ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುತ್ತದೆ. ಹಾಗಾಗಿಯೇ ಅಷ್ಟು ಎಳೆಯ ಮೈಗೂ ಧೈರ್ಯವಾಗಿ ಕೊಟ್ಟರು.

ಔಷಧಿ ತನ್ನ ಕೆಲಸ ಮಾಡಿತು, ಅಮ್ಮ. ಆದರೆ ಅದು ಮುಂದಾಗುವುದನ್ನು ತಡೆಯುತ್ತದೆಯೇ ಹೊರತು ವೈರಸ್ ಆಗಲೇ ಹಾಳುಮಾಡಿದ್ದ ಯಕೃತ್ತನ್ನು ತಿರುಗಿ ಕೊಡುವುದಿಲ್ಲ. ಜ್ವರವಿಲ್ಲ, ನಿದ್ದೆ ಜಾಸ್ತಿ ಅಷ್ಟೇ ಎಂದು ನಾವೆಲ್ಲರೂ ಆಸ್ಪತ್ರೆಗೆ ಒಯ್ಯದೆ ಕಾದೆವು. ನೀನೊಬ್ಬಳೇ ಅಲ್ಲ.

ಹಿತಾಳನ್ನು ಎತ್ತಿಕೋ. ಗುಳ್ಳೆ ಎದ್ದಾಗ ಮುತ್ತು ಕೊಡಬೇಡ, ಎಂಜಲು ತಾಗಿಸಬೇಡ, ಅಷ್ಟು ಸಾಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಆಶೀರ್ವಾದ ನನಗೆ ಈಗಲೂ ಬೇಕು.

ನಿನ್ನ ಮಗಳು
ಭಾವನಾ

ತಾ.ಕ.: "ಅವಳಿಗೆ ನನ್ ಮೇಲೆ ಸಿಟ್ಟಿದೆಯಾ?" ಎಂದು ಏರ್‌ಪೋರ್ಟಿನಲ್ಲಿ ಚರಣ್‌ರನ್ನು ಕೇಳಿದೆಯಂತೆ. ಇಲ್ಲ ಅಂದರಂತೆ. ಸುಳ್ಳು. ಇದೆ. ಆದರೆ ಅಮ್ಮ, ಎದೆಹಾಲು ಇನ್ನೂ ನಿಂತಿಲ್ಲ. ಬಟ್ಟೆಯೆಲ್ಲ ನೆನೆಯುತ್ತದೆ. ಇದಕ್ಕೇನು ಮಾಡಬೇಕೆಂದು ನಿನ್ನನ್ನಲ್ಲದೆ ಯಾರನ್ನು ಕೇಳಲಿ? ಫೋನ್ ಎತ್ತು.