ಬನದ ಹುಣ್ಣಿಮೆಯ ರಜೆ

ಗಿರಣಿ ಮನೆ, ಕಮತಗಿ ಹತ್ತಿರ
೧೮ ಆಗಸ್ಟ್ ೨೦೨೪, ರವಿವಾರ

ಶ್ರೀ ಶಂಕರಲಿಂಗ ಅವರಿಗೆ,

ಸುನಂದಾ ಮಾಡುವ ಶರಣು. ಮದುವೆಯಾದ ಮೇಲೆ ನಿಮ್ಮ ಹೆಸರು ಹಿಡಿದದ್ದು ಇದೇ ಮೊದಲು. ಯಾರ ಮುಂದಾದರೂ ‘ಇವರು’ ಎನ್ನುತ್ತಿದ್ದೆ. ಇವರು ಎನ್ನಲು ಮನುಷ್ಯ ಹತ್ತಿರವಿರಬೇಕು. ನೀವು ಹುಬ್ಬಳ್ಳಿಯಲ್ಲಿ ಗಾಳಿಯಿಂದ ಕರೆಂಟು ಮಾಡುವ ಕಂಪನಿಯ ಕಾಯ್ದೆ ಸಲಹೆಗಾರರು. ನಾನು ನಿಮ್ಮ ತಾಯಿಯ ಗಿರಣಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ನಿಮ್ಮ ಮೆಸೇಜು ಬಂದಿದೆ. ‘ವಿಚಾರಣಿಯೊಳಗ ನನ್ನ ಹೆಸರು ಬರಬಾರದು. ನಾ ಖರೇನ ಮರತಿದ್ದೆ. ಸಿಟ್ಟು ಬಿಟ್ಟು ಇಲ್ಲಿಗೆ ಬಾ.’ ಮೂರೇ ಮಾತು. ಫೋನಿನಲ್ಲೇ ಉತ್ತರ ಕೊಡೋಣವೆಂದರೆ ಅತ್ತೆ ಬಿಡಲಿಲ್ಲ. “ಅದರಾಗ ಬರದದ್ದು ಅಳಿಸಿ ಹೋಗ್ತದಂತ. ಹಾಳಿ ಮ್ಯಾಲೆ ಬರಿ, ಬರದು ನನಗೂ ಓದಿ ಹೇಳು” ಎಂದರು. ಅವರಿಗೆ ತಿಳಿಯಬೇಕೆಂದು ನಿಮಗೆ ಗೊತ್ತಿರುವುದನ್ನೇ ಬಿಡಿಸಿ ಬರೆಯಬೇಕಾಗಿದೆ. ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಗೊತ್ತಿರುವುದು ಎಷ್ಟೆಂದು ಇನ್ನೊಮ್ಮೆ ನೋಡಿಕೊಂಡಂತೆಯೂ ಆಗುತ್ತದೆ.

ಅಮೀನಗಡದ ದಾರಿಯ ದೊಡ್ಡ ಸಬ್‌ಸ್ಟೇಷನ್ನಿನಲ್ಲಿ ಹೊಸ ಲೈನು ಜೋಡಿಸಲು ಒಂದೇ ಒಂದು ಜಾಗ ಖಾಲಿ ಇತ್ತು. ನಮ್ಮ ವಿದ್ಯುತ್ ನಿಗಮ ಅದನ್ನು ಈ ಕಡೆಯ ಹಳ್ಳಿಗಳಿಗೆಂದು ಕಾದಿಟ್ಟಿತ್ತು. ಆ ಲೈನು ಬಂದರೆ ಈ ಊರಿಗೆ ಸಂಜೆಯೂ ಪೂರಾ ಕರೆಂಟು ಸಿಗುತ್ತಿತ್ತು. ಅತ್ತೆಯ ಗಿರಣಿಯ ಮೋಟರು ಎರಡು ಸಲ ಸುಟ್ಟದ್ದು ಕರೆಂಟು ಕುಸಿದು ಕುಸಿದು ಎಂದು ನಿಮಗೂ ಗೊತ್ತು. ಎರಡನೆಯ ಸಲ ಅದಕ್ಕೆ ಹೊಸ ತಂತಿ ಕಟ್ಟಿಸಿಕೊಂಡು ಬಂದವರು ನೀವೇ.

ಕಾದಿಟ್ಟ ಜಾಗಕ್ಕೂ ಒಂದು ಗಡುವು ಇರುತ್ತದೆ. ಅಷ್ಟರಲ್ಲಿ ಕೆಲಸ ಶುರುವಾಗದಿದ್ದರೆ ಇನ್ನಷ್ಟು ಅವಧಿ ಕೊಡಿ ಎಂದು ವಿದ್ಯುತ್ ಆಯೋಗಕ್ಕೆ ಅರ್ಜಿ ಹಾಕಬೇಕು. ಹಾಕದಿದ್ದರೆ, ಆಮೇಲೆ ಯಾರು ಮೊದಲು ಕೇಳುತ್ತಾರೋ ಆ ಜಾಗ ಅವರದು. ನಮ್ಮ ನಿಗಮದ ಟೆಂಡರು ಎಂದಿನಂತೆ ತಡವಾಗಿತ್ತು. ಅರ್ಜಿ ಬರೆಯುವ ಕೆಲಸ ನನ್ನದಾಗಿತ್ತು. ಬರೆದೆ. ಸಾಹೇಬರ ಸಹಿಯೂ ಆಯಿತು. ಕಂಪ್ಯೂಟರಿನಲ್ಲಿ ಕಳಿಸುವುದೊಂದು ಉಳಿದಿತ್ತು. ಕಡೆಯ ದಿನ ಜನವರಿ ೨೫, ಬನದ ಹುಣ್ಣಿಮೆ.

ಆ ದಿನ ಬದಾಮಿಯ ಜಾತ್ರೆಯೆಂದು ನಮ್ಮ ಜಿಲ್ಲೆಗೆ ರಜೆ ಕೊಟ್ಟಿದ್ದರು. ನಿಮ್ಮ ಅಕ್ಕನ ಮಗಳು, ಚೊಚ್ಚಲ ಬಸುರಿ ಭುವನೇಶ್ವರಿಯ ಕುಬುಸವನ್ನೂ ಬದಾಮಿಯಲ್ಲಿ ಅದೇ ದಿನಕ್ಕೆ ಇಟ್ಟುಕೊಂಡಿದ್ದರು. ಹಿಂದಿನ ಸಂಜೆ ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ, ಹುಬ್ಬಳ್ಳಿಯಿಂದ ಬಂದಿದ್ದ ನೀವು ಒಲೆಯ ಪಕ್ಕದ ಮಣೆಯ ಮೇಲೆ ಉಣ್ಣುತ್ತಿದ್ದಿರಿ. ನಾನು ಕೇಳಿದೆ: ನಾಳೆ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಸಿ ಅರ್ಜಿ ಕಳಿಸಿಬಿಡಲೇ, ಆಮೇಲಿನ ಬಸ್ಸಿಗೆ ಬದಾಮಿಗೆ ಬರುತ್ತೇನೆ ಎಂದು. ನೀವು ಅಂದದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. “ಹುಚ್ಚಿ, ನಾಳೆ ರಜಾ ಐತಿ. ಕಡೀ ದಿನ ರಜಾ ಬಂದ್ರ ಗಡುವು ಮುಂದಿನ ಕೆಲಸದ ದಿನಕ್ಕ ಹೋಗ್ತದ. ಸೋಮವಾರ ಹಾಕು. ನಾ ಬರದ ನಿಯಮ ನನಗ ಗೊತ್ತಿಲ್ಲೇನು?”

ನಿಯಮ ನೀವೇ ಬರೆದದ್ದು ಸುಳ್ಳಲ್ಲ. ನಿಗಮ ಬಿಡುವ ಮೊದಲು ನೀವೂ ಇದೇ ವಿಭಾಗದಲ್ಲಿದ್ದಿರಿ, ಆಯೋಗ ಆ ನಿಯಮದ ಕರಡು ಮಾಡುವಾಗ ನಿಗಮದ ಪರವಾಗಿ ಹೋಗಿ ಕೂತವರು ನೀವು. ನನಗೆ ಈ ಕೆಲಸದ ಓನಾಮ ಕಲಿಸಿದವರು ನೀವು. ಅಡುಗೆಮನೆಯಲ್ಲಿ ನಿಯಮದ ಪುಸ್ತಕ ತೆರೆದಿಟ್ಟು ಗಂಡನ ಮಾತು ತಾಳೆ ನೋಡುವ ಹೆಂಗಸು ನಾನಾಗಿರಲಿಲ್ಲ. ಆಗಬೇಕಿತ್ತೆಂದು ಈಗ ಎಲ್ಲರೂ ಹೇಳುತ್ತಾರೆ. ಇನ್ನೊಂದು ರೊಟ್ಟಿ ಬಿಸಿಯದು ಹಾಕಲೇ ಎಂದೆ. ಬೇಡ ಎಂದಿರಿ. ಮೊದಲನೆಯದೇ ತಟ್ಟೆಯಲ್ಲಿ ಚೂರು ಚೂರಾಗಿ ಬಿದ್ದಿತ್ತು. ಊಟ ಸೇರಲಿಲ್ಲವೇನೋ ಎಂದುಕೊಂಡು ಬದನೆಕಾಯಿಗೆ ಖಾರ ಜಾಸ್ತಿಯಾಯಿತೇ ಎಂದೂ ಕೇಳಿದೆ.

ಬದಾಮಿಯ ಕುಬುಸ ನೆನಪಿದೆಯೇ? ನಿಮಗೆ ಹೇಗೆ ನೆನಪಿರಬೇಕು, ನೀವಲ್ಲಿ ಇದ್ದದ್ದೇ ಅಷ್ಟರಲ್ಲಿದೆ. ಸೋದರಮಾವನ ಆಯೇರಿ ಎಂದು ನಾವು ಇಳಕಲ್ಲಿನಿಂದ ತಂದ ಹಸಿರು ಸೀರೆಯನ್ನು ಗಂಡ ಹೆಂಡತಿ ಇಬ್ಬರೂ ನಿಂತು ಕೊಡಬೇಕಿತ್ತು. ಆ ಹೊತ್ತಿಗೆ ನೀವು ಫೋನು ಕಿವಿಗೆ ಹಿಡಿದು ಹೊರಗೆ ಹೋದಿರಿ. ಹುಡುಗಿ ಮಣೆಯ ಮೇಲೆ ಕೂತಿದ್ದಾಳೆ, ಆರತಿ ತಟ್ಟೆ ಹಿಡಿದ ಹೆಂಗಸರು ಕಾಯುತ್ತಿದ್ದಾರೆ. “ಮಾವ ಎಲ್ಲೆದಾನ, ಮಾವ ಎಲ್ಲೆದಾನ” ಎಂದು ನಿಮ್ಮ ಅಕ್ಕ ಮೂರು ಸಲ ಬಾಗಿಲಿಗೆ ಹೋಗಿ ಬಂದರು. ಕಡೆಗೆ ನಾನೊಬ್ಬಳೇ ಉಡಿ ತುಂಬಿದೆ. ನಿಮ್ಮ ಕೆಲಸದ ಗಡಿಬಿಡಿ ಎಂದು ಎಲ್ಲರಿಗೂ ನಗುತ್ತಾ ಹೇಳಿದೆ. ಗಡಿಬಿಡಿ ಯಾವುದೆಂದು ನನಗೆ ತಿಳಿದದ್ದು ಆಮೇಲೆ.

ಮರುದಿನ ಬೆಳಿಗ್ಗೆ ಆಫೀಸಿನ ಅಂಗಳದಲ್ಲಿ ಧ್ವಜ ಏರಿಸಿ ನಾವೆಲ್ಲ ಬೂಂದಿ ತಿನ್ನುತ್ತಿದ್ದಾಗ ನಿಮ್ಮ ಕಂಪನಿ ಆ ಖಾಲಿ ಜಾಗ ತನಗೆ ಬೇಕೆಂದು ಅರ್ಜಿ ಕಳಿಸಿತ್ತು. ನಾನು ಸೋಮವಾರ ಕಳಿಸಿದ ಅರ್ಜಿಗೆ ‘ಗಡುವು ಮೀರಿದೆ’ ಎಂಬ ಉತ್ತರ ಬಂತು. ಪುಸ್ತಕ ತೆಗೆದು ನೋಡಿದೆ. ಕಡೆಯ ದಿನ ‘ಆಯೋಗದ ಕಚೇರಿಗೆ’ ರಜೆಯಿದ್ದರೆ ಮಾತ್ರ ಗಡುವು ಮುಂದೆ ಹೋಗುತ್ತದೆ. ಆಯೋಗ ಬೆಂಗಳೂರಿನಲ್ಲಿದೆ. ಬನದ ಹುಣ್ಣಿಮೆ ಬೆಂಗಳೂರಿಗೇನು ಗೊತ್ತು? ಅಲ್ಲಿ ಆ ದಿನ ಕಚೇರಿ ತೆರೆದಿತ್ತು. ಜಿಲ್ಲೆಯವರು ಸ್ಥಳೀಯ ರಜೆಯ ನೆಪ ಹೇಳಿ ತಡ ಮಾಡುತ್ತಾರೆಂದು ಹಟ ಹಿಡಿದು ಆ ಮಾತು ಸೇರಿಸಿದವರು ನೀವು. ಸೇರಿಸಿದ ದಿನ ಮನೆಗೆ ಬಂದು ಹೆಮ್ಮೆಯಿಂದ ಹೇಳಿದ್ದಿರಿ. ನಾನು ಮರೆತಿದ್ದೆ. ನೀವೂ ಮರೆತಿದ್ದೆ ಎನ್ನುತ್ತೀರಿ. ಗದಗದ ಕಡೆಯ ಕೆಲಸವಷ್ಟೇ ನೋಡಿಕೊಳ್ಳುತ್ತೇನೆ, ನಮ್ಮ ಸಬ್‌ಸ್ಟೇಷನ್ನಿನ ಸುದ್ದಿ ಬೇರೆಯವರ ಮೇಜಿನದು ಎಂದು ಆಣೆ ಮಾಡಿ ಹೇಳಿದಿರಿ. ಇರಬಹುದು ಎಂದು ನನಗೆ ನಾನೇ ಎಷ್ಟೋ ದಿನ ಹೇಳಿಕೊಂಡೆ. ಗಂಡ ಮರೆಗುಳಿ ಎಂದುಕೊಂಡರೆ ಸಂಸಾರ ನಡೆಯುತ್ತದೆ.

ಆಮೇಲೆ ಮೇ ತಿಂಗಳಲ್ಲಿ ಬಾಗಲಕೋಟೆಯಲ್ಲಿ ಆಯೋಗದ ಸಾರ್ವಜನಿಕ ವಿಚಾರಣೆ ಆಯಿತು. ಬೇರೆಯವರ ಮೇಜಿನ ಸುದ್ದಿಗೆ ಕಂಪನಿಯ ಪರ ಎದ್ದು ನಿಂತವರು ನೀವು! ಹಳ್ಳಿಯಿಂದ ಹೆಂಗಸರು ಟಂಟಂ ಗಾಡಿ ಮಾಡಿಕೊಂಡು ಬಂದಿದ್ದರು, ಮುಂದೆ ಅತ್ತೆ. ಅವರು ಮಾತಾಡಿದ್ದು ನಿಮ್ಮ ಕಿವಿಗೆ ಬಿದ್ದಿತ್ತೋ ಇಲ್ಲವೋ, ಬರೆಯುತ್ತೇನೆ. “ಸಾಹೇಬ್ರ, ಸಂಜಿ ಆದ್ರ ನಮ್ಮೂರಾಗ ಬಲ್ಬು ಕೆಂಪಗ ಆಗ್ತಾವ, ಗಿರಣಿ ಕಲ್ಲು ತಿರಗೂದಿಲ್ಲ. ಗಾಳಿ ನಮ್ಮ ಹೊಲದ ಮ್ಯಾಲಿಂದ ಬೀಸ್ತದ, ಅದರ ಕರೆಂಟು ನಮ್ಮೂರು ದಾಟಿ ಹೋಗ್ತದ. ಇದು ಯಾವ ಕಾಯ್ದೆರೀ?” ಅಷ್ಟು ಹೇಳಿ ನಿಮ್ಮ ಕಡೆ ತಿರುಗಿದರು. “ಶಂಕ್ರ್ಯಾ, ನೀನರ ಹೇಳೋ ಇವರಿಗೆ.”

ನೀವು ಹೇಳಿದಿರಿ. ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಎಲ್ಲಿಂದಲೋ ತಂದ ಕನ್ನಡದಲ್ಲಿ ಹೇಳಿದಿರಿ: “ಮಾನ್ಯರೇ, ಇಂಥ ಭಾವನಾತ್ಮಕ ಹೇಳಿಕೆಗಳನ್ನು ದಾಖಲೆಗೆ ತೆಗೆದುಕೊಳ್ಳಬಾರದೆಂದು ಕೋರುತ್ತೇನೆ.” ಮರಳಿ ಬರುವಾಗ ಟಂಟಂನಲ್ಲಿ ಅತ್ತೆ ನನ್ನನ್ನು ಕೇಳಿದರು, “ಭಾವನಾತ್ಮಕ ಅಂದ್ರ ಏನವಾ?” ಉಂಡ ಮನೆಯ ಜಂತೆ ಎಣಿಸುವವರ ಬಾಯಲ್ಲಿ ಬರುವ ಮಾತು ಎಂದುಬಿಡಬೇಕೆನಿಸಿತ್ತು.

ಜುಲೈನಲ್ಲಿ ಆದೇಶ ನಿಮ್ಮ ಕಡೆಗಾಯಿತು. ಖಾಲಿ ಜಾಗ ಗಾಳಿ ಕಂಪನಿಗೆ. ಹಳ್ಳಿಗಳ ಲೈನಿಗೆ ಬೇರೆ ಸಬ್‌ಸ್ಟೇಷನ್ ಆಗಬೇಕಂತೆ, ಅದು ಯಾವ ಕಾಲಕ್ಕೋ. ನೀವು ತಾಯಿಗೆಂದು ಅಮೀನಗಡದ ಕರದಂಟಿನ ಡಬ್ಬಿ ಕಳಿಸಿದಿರಿ. ಅಬ್ಬಾ, ನಿಮ್ಮ ಧೈರ್ಯವೇ! ಅತ್ತೆ ಡಬ್ಬಿಯನ್ನು ಗಿರಣಿಯ ಕಟ್ಟೆಯ ಮೇಲೆ ಇಟ್ಟು, ಹಿಟ್ಟು ಹಾಕಿಸಲು ಬಂದು ಕರೆಂಟಿಗೆ ಕಾದು ಕೂತವರಿಗೆಲ್ಲ ಹಂಚಿದರು. ಯಾರು ಕಳಿಸಿದ್ದೆಂದು ಕೇಳಿದವರಿಗೆ “ಗಾಳಿ ಕಂಪನ್ಯಾವರು” ಎಂದರು. ನನ್ನ ಮಗ ಎನ್ನಲಿಲ್ಲ. ತಾವೊಂದು ಚೂರೂ ಬಾಯಿಗೆ ಹಾಕಲಿಲ್ಲ.

ನಿಮ್ಮ ಮೊದಲ ಮಾತಿಗೆ ಉತ್ತರ. ಗಡುವು ತಪ್ಪಿದ್ದಕ್ಕೆ ನಿಗಮ ನನ್ನ ಮೇಲೆ ನಡೆಸಿದ ವಿಚಾರಣೆಯಲ್ಲಿ ನಿಮ್ಮ ಹೆಸರು ಬಂದಿಲ್ಲ. ‘ನಿಯಮವನ್ನು ತಪ್ಪಾಗಿ ತಿಳಿದೆ’ ಎಂದಷ್ಟೇ ಬರೆದುಕೊಟ್ಟೆ. ಕರುಣೆಯಿಂದಲ್ಲ. ಗಂಡನನ್ನು ಕೇಳಿದೆ ಎಂದು ಬರೆದರೆ, ನೋಡ್ರಿ, ಹೆಂಗಸರು ಆಫೀಸಿನ ಕೆಲಸವನ್ನೂ ಒಲೆಯ ಮುಂದೆ ಕೇಳಿ ಮಾಡುತ್ತಾರೆ ಎಂದು ನಕ್ಕಾರು. ಮುಂದೆ ಆ ಕುರ್ಚಿಗೆ ಇನ್ನೊಬ್ಬ ಹೆಣ್ಣುಮಗಳನ್ನು ಕೂಡಿಸುವ ಮೊದಲು ಹತ್ತು ಸಲ ಯೋಚಿಸಿಯಾರು. ಅದಕ್ಕೆ ನಾನು ಕಾರಣಳಾಗಲಾರೆ. ನನ್ನನ್ನು ವಿಭಾಗದಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ. ಕಂಬಗಳ ಮೇಲೆ ಕೂರಿಸುವ ಪಿಂಗಾಣಿ ಬಿಲ್ಲೆಗಳಲ್ಲಿ ಒಡೆದದ್ದು ಯಾವುದು, ಒಡೆಯದ್ದು ಯಾವುದು ಎಂದು ಬೇರೆ ಮಾಡುತ್ತೇನೆ. ಒಡೆದದ್ದನ್ನು ಕಂಬಕ್ಕೆ ಏರಿಸುವುದಿಲ್ಲ. ಕೆಲಸ ಸರಳವಾಗಿದೆ.

ನಾನು ಹುಬ್ಬಳ್ಳಿಗೆ ಬರುವುದಿಲ್ಲ. ಶನಿವಾರ ಇಲ್ಲಿಗೆ ಬರುತ್ತೇನೆ, ಸೋಮವಾರ ಬೆಳಗಿನ ಬಸ್ಸಿಗೆ ಆಫೀಸಿಗೆ ಹೋಗುತ್ತೇನೆ. ನಮ್ಮಿಬ್ಬರ ನಡುವೆ ಇನ್ನು ಏನು ಉಳಿದಿದೆ ಎಂದು ಹುಡುಕಿದರೆ ಅತ್ತೆಯೊಬ್ಬರೇ ಕಾಣುತ್ತಾರೆ. ಅವರನ್ನು ನೀವು ದಾಖಲೆಗೆ ತೆಗೆದುಕೊಳ್ಳಬೇಡಿ ಎಂದಿರಿ. ನಾನು ತೆಗೆದುಕೊಂಡಿದ್ದೇನೆ.

ಇಂತಿ,
ಸುನಂದಾ

ತಾ.ಕ.: ಅತ್ತೆಗೆ ಪತ್ರ ಓದಿ ಹೇಳಿದೆ. ನಿಮ್ಮ ಮೆಸೇಜಿನ ಮಾತನ್ನು, ಬನದ ಹುಣ್ಣಿಮೆಯ ಹಿಂದಿನ ಸಂಜೆಯದನ್ನು, ನೀವು ಮರೆತಿದ್ದೆ ಎಂದದ್ದನ್ನು, ವಿಚಾರಣೆಯ ಉತ್ತರವನ್ನು ಬಿಟ್ಟು ಓದಿದೆ. ನಾನು ಅಡುಗೆಮನೆಯಲ್ಲಿ ಏನು ಕೇಳಿದೆ, ನೀವು ಏನು ಹೇಳಿದಿರಿ ಎಂಬುದು ಅವರಿಗೆ ಇಂದಿಗೂ ಗೊತ್ತಿಲ್ಲ. ಓದಿ ಮುಗಿಸಿದಾಗ ಅವರು, “ಹೊಟ್ಟಿಪಾಡಿಗೆ ಆ ಕಡೆ ಕುಂತಾನ, ಕುಂದ್ರಲಿ. ಕಾಯ್ದೆ ಹಂಗ ಇದ್ರ ಅವ ಏನ್ ಮಾಡ್ತಾನ? ನನ್ನ ಮಗ ಸುಳ್ಳಂತೂ ಹೇಳಾವಲ್ಲ” ಎಂದರು. ನಿಮ್ಮ ಮೇಲೆ ಅವರಿಗೆ ಉಳಿದಿರುವುದು ಅದೊಂದೇ ನಂಬಿಕೆ. ಅದನ್ನು ನನ್ನ ಕೈಯಾರೆ ಕೀಳಲಾರೆ.

ಹೋದ ವಾರ ಇಬ್ಬರೂ ಉಣ್ಣುತ್ತಾ ಕೂತಿದ್ದಾಗ ನಿಮ್ಮ ಸಣ್ಣಂದಿನ ಮಾತು ಬಂತು. ಅತ್ತೆ ನಕ್ಕು ನಕ್ಕು ಹೇಳಿದರು: “ಸಣ್ಣವಿದ್ದಾಗ ಸಾಲಿ ತಪ್ಪಿಸಿ ಬಂದು ಸುಳ್ಳು ಹೇಳಾಂವ. ಸುಳ್ಳು ಹೇಳೂಮುಂದ ರೊಟ್ಟಿ ತಿನ್ನತಿರಲಿಲ್ಲ, ಬರೇ ಚೂರು ಮಾಡ್ತಿದ್ದ. ತಾಟು ನೋಡಿದ್ರ ಸಾಕು, ನನಗ ಗೊತ್ತಾಗ್ತಿತ್ತು. ದೊಡ್ಡವ ಆದಮ್ಯಾಲೆ ಬಿಟ್ಟ ಬಿಡು.” ನಾನೂ ಅವರ ಜೊತೆ ನಕ್ಕೆ. ದೀಪಾವಳಿಗೆ ನೀವು ಬರುತ್ತೀರೆಂದು ಕಾಯುತ್ತಿದ್ದಾರೆ. ಬನ್ನಿ. ಅವರ ಎದುರಿಗೆ ಕೂತು ಉಣ್ಣುವಾಗ ಬನದ ಹುಣ್ಣಿಮೆಯ ಮಾತು ಎದ್ದರೆ, ರೊಟ್ಟಿಯನ್ನು ಪೂರಾ ತಿಂದುಬಿಡಿ.