ನಿತ್ಯ ಎಂದರೆ ದಿನಾ ಅಲ್ಲವೇ

ಊದ್ ಮೇಥಾ, ದುಬೈ
ಶುಕ್ರವಾರ, ನವೆಂಬರ್ ೨೦೦೩

ಪ್ರೀತಿಯ ನಿಶಾಂತರಿಗೆ,

ಈ 'ಪ್ರೀತಿಯ' ಎಂಬುದನ್ನು ಒಮ್ಮೆ ಬರೆದು, ಹೊಡೆದು ಹಾಕಿ, ಹೊಸ ಹಾಳೆ ತೆಗೆದು ಮತ್ತೆ ಅದನ್ನೇ ಬರೆದಿದ್ದೇನೆ. ಬೇರೆ ಪದ ಸಿಗಲಿಲ್ಲ.

ಆಪರೇಷನ್ ಆದ ಮೇಲೆ ಮಾವನವರು ಎದ್ದು ಕೂತು ಗಂಜಿ ಕುಡಿದರೆಂದು ಫೋನಿನಲ್ಲಿ ಹೇಳಿದಿರಿ, ಸಮಾಧಾನವಾಯಿತು. ನಿಮ್ಮ ಇನ್ನೊಂದು ಪ್ರಶ್ನೆಗೆ ಮಾತ್ರ ಫೋನಿನಲ್ಲಿ ಉತ್ತರ ಕೊಡಲಾಗಲಿಲ್ಲ. ಹಿತಾ ಪಕ್ಕದಲ್ಲೇ ನಿಂತು "ಅಮ್ಮಾ, ಮೈ ಟರ್ನ್, ಕೊಡು" ಎಂದು ರಿಸೀವರ್ ಎಳೆಯುತ್ತಿದ್ದಳು. ಇದು ಅಂಚೆಗೆ ಹಾಕುವ ವಿಷಯವೂ ಅಲ್ಲ. ಈ ದೇಶದಲ್ಲಿ ಇಂಥ ಮಾತು ಹೊರಗೆ ಬಿದ್ದರೆ ಕೆಲಸ ಹೋಗುವುದು ಬಿಡಿ, ಜೈಲೇ. ಮೇಲಿನ ಮನೆಯ ಮೆಹರುನ್ನಿಸಕ್ಕ ನಾಳೆ ಬೆಂಗಳೂರಿಗೆ ಹೊರಟಿದ್ದಾರೆ. ಹಿತಾ ಅಜ್ಜನಿಗೆಂದು ಬಿಡಿಸಿದ ಚಿತ್ರಗಳ ಲಕೋಟೆಯೊಳಗೆ ಇದನ್ನೂ ಇಟ್ಟು ಅಂಟಿಸಿ ಅವರ ಕೈಗೆ ಕೊಡುತ್ತೇನೆ.

ಏರ್‌ಪೋರ್ಟಿನಲ್ಲಿ ಟ್ರಾಲಿ ಹಿಡಿದುಕೊಂಡು ನೀವು ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ನಾನು ವಾಪಸ್ ಈ ಮನೆಗೇ ಬರ್ಲಾ, ವಾರಿಜಾ? ಬೇಡ ಅಂದ್ರೆ ಬೇಡ. ಚರ್ಚಿಗೆ ಬರೆದು ಆ ಗಂಟೂ ಬಿಡಿಸ್ಕೊಡ್ತೀನಿ. ನೀನು ಯೋಚಿಸಿ ಹೇಳು."

ಯೋಚಿಸಿದೆ. ಅಡುಗೆ ಮಾಡುವಾಗ, ಹಿತಾಳ ಜಡೆ ಹೆಣೆಯುವಾಗ, ಬೇರೆ ಏನೂ ಯೋಚಿಸಿಲ್ಲ.

ಅಬುಧಾಬಿಯಲ್ಲಿ ಚರ್ಚಿನ ಸಭೆ ಮುಗಿಸಿ ಬರುವಾಗ ಅಲ್ ಮೀನಾದ ಮೀನು ಮಾರ್ಕೆಟಿನ ಮುಂದೆ ನೀವು ಕಾರು ನಿಲ್ಲಿಸಿದಿರಲ್ಲ, ಆಗಲೇ ಏನೋ ಇದೆ ಎಂದುಕೊಂಡೆ. ಇಲ್ಲಿ ಶುಕ್ರವಾರವೇ ನಮ್ಮ ಭಾನುವಾರ. ದೇವರ ದಿನ ನಮ್ಮ ಮಾರ್ಮನ್ ಪಂಥದ ಕ್ರೈಸ್ತರು ಅಂಗಡಿ ಹತ್ತಬಾರದೆಂದು ಒಂದು ಕಟ್ಟು ಕೊತ್ತಂಬರಿ ತರಲೂ ಬಿಟ್ಟವರಲ್ಲ ನೀವು. ಅಂಥವರು "ಬಂಗುಡೆ ತಗೋ, ನಿಂಗಿಷ್ಟ ಅಲ್ವಾ" ಎಂದಿರಿ. ಮೀನಿನವನು ಬಂಗುಡೆ ಸೀಳುತ್ತಿದ್ದಾಗ, ಆ ಗದ್ದಲದಲ್ಲಿ, ನನ್ನ ಮುಖ ನೋಡದೆ ಹೇಳಿದಿರಿ: "ನಂಗೆ ಗಂಡಸರ ಮೇಲೇ ಮನಸ್ಸು, ವಾರಿಜಾ. ಚಿಕ್ಕಂದಿನಿಂದ. ಉಪವಾಸ ಮಾಡ್ದೆ, ಪ್ರಾರ್ಥನೆ ಮಾಡ್ದೆ. ಮದುವೆ ಆದ್ರೆ ಹೋಗುತ್ತೆ ಅಂದ್ಕೊಂಡೆ. ಹೋಗ್ಲಿಲ್ಲ." ನಾನು ಮೀನಿನವನಿಗೆ "ಸಿರ್ ಮತ್ ಫೇಂಕ್ನಾ, ಭಾಯ್" ಎಂದೆ. ಸಾರಿಗೆ ತಲೆ ಬೇಕಲ್ಲ. ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಅಷ್ಟೇ.

ಆಮೇಲೆ ಆನ್ಸೆಲ್ಮ್ ಹೆಸರು ಹೇಳಿದಿರಿ. ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಿಮ್ಮ ಫ್ಯಾಕ್ಟರಿಯ ಆನ್ಸೆಲ್ಮ್, ಗುರುವಾರ ಸಂಜೆ ಬಂದು ಹಿತಾಳ ಸೈಕಲ್ ಚೈನು ಸರಿಮಾಡಿ, "ಅಕ್ಕ, ಇನ್ನೊಂದು ಸೌಟು ಸಾರು ಉಂಟಾ?" ಎಂದು ಕೇಳಿ ಉಣ್ಣುತ್ತಿದ್ದ ನಮ್ಮ ಆನ್ಸೆಲ್ಮ್. ಅವನು ಕೆನಡಾಕ್ಕೆ ಹೋದ ವಾರ ನೀವು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಕೂರುತ್ತಿದ್ದಿರಿ. ಕಣ್ಣು ಕೆಂಪಗಾಗಿ ಹೊರಬಂದಾಗ "ಎಂತ ಆಯ್ತು?" ಎಂದರೆ "ಹಲ್ಲುನೋವು" ಎಂದಿರಿ. ನಾನು ದಡ್ಡಿ, ಲವಂಗದೆಣ್ಣೆಯಲ್ಲಿ ಹತ್ತಿ ಅದ್ದಿ ತಂದೆ. ನೀವೂ ಬಾಯಿ ತೆರೆದು, ನೋವೇ ಇಲ್ಲದ ಹಲ್ಲಿಗೆ ಇಡಿಸಿಕೊಂಡಿರಿ. ನೆನೆಸಿಕೊಂಡರೆ ಈಗ ನಗು ಬರುತ್ತದೆ, ಆಮೇಲೆ ಆ ನಗು ಎಲ್ಲಿಗೋ ಹೋಗುತ್ತದೆ.

"ಅವನ ಕೈ ಕೂಡ ಹಿಡಿದಿಲ್ಲ, ಅವನಿಗೆ ಗೊತ್ತೂ ಇಲ್ಲ" ಎಂದಿರಿ. ನಂಬುತ್ತೇನೆ. ಕೇಳಿ ನೆಮ್ಮದಿಯಾಗಬೇಕಿತ್ತು, ಹೊಟ್ಟೆ ಉರಿಯಿತು. ಹಿಡಿಯದ ಕೈಗಾಗಿ ಅಷ್ಟು ಅತ್ತಿರಿ. ಪ್ರಾರ್ಥನೆಗೆಂದು ದಿನಾ ಹಿಡಿದ ನನ್ನ ಕೈ ನಿಮಗೆ ಏನಾಗಿತ್ತು? ನನ್ನಲ್ಲೇ ಏನೋ ಐಬಿದೆಯೆಂದು ವರ್ಷಗಟ್ಟಲೆ ಕನ್ನಡಿ ನೋಡಿಕೊಂಡವಳು ನಾನು. ಕೂದಲು ಕತ್ತರಿಸಿಕೊಂಡೆ, ತೂಕ ಇಳಿಸಿದೆ. ನೀವು "ಚೆನ್ನಾಗಿದೆ" ಎಂದು ಹೇಳಿ ಧರ್ಮಗ್ರಂಥ ತೆರೆದು ಕೂತಿರಿ. ನಿನ್ನದೇನೂ ತಪ್ಪಿಲ್ಲ ಎಂದು ಒಂದು ಸಲ ಹೇಳಬಹುದಿತ್ತಲ್ಲ. ಆ ಸಿಟ್ಟು ನನಗಿದೆ, ಇನ್ನೂ ಕೆಲಕಾಲ ಇರುತ್ತದೆ.

ನಿಮ್ಮ ಭಕ್ತಿಯ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ. ನಾನು ದೀಕ್ಷಾಸ್ನಾನ ಮಾಡಿಸಿಕೊಂಡೆನೆಂದಾಗ ಸುಮ್ಮನಿದ್ದ ಅಮ್ಮ, ನಿಮ್ಮ ಪಂಥದಲ್ಲಿ ಕಾಫಿ ಚಹಾ ಎರಡೂ ನಿಷಿದ್ಧವೆಂದು ಕೇಳಿ "ಅಯ್ಯೋ ಮಗಾ, ಬೆಳಿಗ್ಗೆ ಎದ್ದು ಎಂತ ಕುಡಿತಿ ನೀನು?" ಎಂದು ಅತ್ತಿದ್ದಳು. ಆದರೂ ಸಭೆ ಸೇರುವ ಆ ವಿಲ್ಲಾದಲ್ಲಿ, ಮಡಚುವ ಕುರ್ಚಿಗಳ ಮೇಲೆ ಕೂತು, ಪರದೆ ಎಳೆದು ಮೆತ್ತಗೆ ಹಾಡುವ ನಮ್ಮ ಶುಕ್ರವಾರಗಳು ನನಗೆ ಸೇರಿದವು. ರೊಟ್ಟಿಯ ಚೂರು, ಪುಟ್ಟ ಲೋಟದ ನೀರು ಹಂಚುವಾಗ ನಿಮ್ಮ ಮುಖ ಮಗುವಿನ ಮುಖವಾಗುತ್ತಿತ್ತು. ಅದು ನಾಟಕವಲ್ಲ ಎಂದು ನನಗೆ ಗೊತ್ತು. ಆ ನಂಬಿಕೆಯೂ ನಿಜ, ಈ ಮನಸ್ಸೂ ನಿಜ. ಎರಡರ ನಡುವೆ ನೀವು ಅರೆದುಹೋಗುತ್ತಿದ್ದಿರಿ. ಪಕ್ಕದಲ್ಲೇ ಇದ್ದ ನಾನು ಹಲ್ಲುನೋವಿಗೆ ಮದ್ದು ಮಾಡುತ್ತಿದ್ದೆ.

ಹಾಂಗ್‌ಕಾಂಗಿಗೆ ಹೋದದ್ದು ನೆನಪಿದೆಯೇ? ಅಲ್ಲಿನ ನಮ್ಮ ಚರ್ಚಿನ ದೇವಾಲಯದಲ್ಲಿ ಗಂಡಹೆಂಡಿರಿಗೆ ಹಾಕುವ ಗಂಟು ಸತ್ತ ಮೇಲೂ ಬಿಚ್ಚುವುದಿಲ್ಲವೆಂದು ವಿಮಾನದಲ್ಲಿ ವಿವರಿಸುತ್ತಿದ್ದಿರಿ. ಕನ್ನಡದಲ್ಲಿ ಹೇಳಿ ಎಂದೆ. ಕನ್ನಡ ಬೈಬಲಿನ ಪದ ನೆನಪಿಸಿಕೊಂಡು "ಈ ಕಾಲಕ್ಕೂ ನಿತ್ಯಕ್ಕೂ" ಎಂದಿರಿ. "ನಿತ್ಯ ಅಂದ್ರೆ ದಿನಾ ಅಲ್ವಾ ಮಾರಾಯ್ರೆ? ಹಾಲಿನವ ನಿತ್ಯ ಬರುವ ಹಾಗೆ?" ಎಂದೆ. ನೀವು ಎಷ್ಟು ನಕ್ಕಿರೆಂದರೆ ಪಕ್ಕದವನು ಕಿವಿಯಿಂದ ಹೆಡ್‌ಫೋನ್ ತೆಗೆದು ನೋಡಿದ. ಕೊನೆಯೇ ಇಲ್ಲದ್ದು, ಪೆದ್ದಿ, ಎಂದು ತಿದ್ದಿದಿರಿ. "ನಮ್ಮಲ್ಲಾದ್ರೆ ಏಳೇ ಜನ್ಮ, ಎಂಟನೆಯದರಲ್ಲಿ ರಜೆ ಉಂಟು" ಎಂದು ನಾನು ಛೇಡಿಸಿದೆ. ಅಷ್ಟು ನಕ್ಕವರು ಒಮ್ಮೆಲೇ ಕಿಟಕಿಯ ಕಡೆ ತಿರುಗಿದಿರಿ. ಯಾಕೆಂದು ಈಗ ಗೊತ್ತಾಯಿತು.

ಆ ದಿನ ಮೀನಿನ ಚೀಲ ಹಿಡಿದು ಕಾರಿಗೆ ಬರುವಾಗ ನೀವು ಇನ್ನೊಂದು ಮಾತು ಹೇಳಿದಿರಿ. "ಮೇಲೆ ನಾನು ಸರಿಯಾಗ್ತೀನಿ, ವಾರಿಜಾ. ಅಲ್ಲಿ ನಿಂಗೆ ಪೂರ್ತಿ ಗಂಡ ಸಿಗ್ತಾನೆ." ಚರ್ಚಿನ ಯಾರೋ ಹಿರಿಯರು ನಿಮ್ಮ ಸಮಾಧಾನಕ್ಕೆ ಹಾಗೆ ಹೇಳಿರಬೇಕು. ಗಂಡಸರ ಮೇಲೆ ಮನಸ್ಸು ಎಂದದ್ದಕ್ಕಿಂತ ನನಗೆ ಇದೇ ಹೆಚ್ಚು ತಾಗಿತು. ನನ್ನನ್ನು ಬಯಸಲು ನೀವು ಸಾಯುವ ತನಕ ಕಾಯುತ್ತಿದ್ದೀರಿ ಎಂದಾಯಿತಲ್ಲ. ಆ ಪೂರ್ತಿ ಗಂಡನ ಪರಿಚಯ ನನಗಿಲ್ಲ. ನನ್ನ ಹೆರಿಗೆಯ ಹೊತ್ತಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಓಡಾಡಿದವನು ಅವನಲ್ಲ. ಸ್ವರ್ಗದ ಬಾಗಿಲಲ್ಲಿ ಅವನು ಬಂದು ಕೈ ಹಿಡಿದರೆ ನಾನು ನಿಮ್ಮನ್ನೇ ಹುಡುಕುತ್ತೇನೆ. ಇದನ್ನು ಯೋಚಿಸಿ ಯೋಚಿಸಿ ಅತ್ತೆ. ಹಿತಾ "ವಾಟ್ ಹ್ಯಾಪಂಡ್, ಅಮ್ಮಾ?" ಎಂದಳು. ನಾನೂ ಹಲ್ಲುನೋವು ಎಂದೆ.

ನಿನ್ನೆಯವರೆಗೆ ನನ್ನ ಉತ್ತರ ಬೇಡ ಎಂದೇ ಇತ್ತು. ಅದು ನಿಮಗೆ ಗೊತ್ತಿರಲಿ.

ಇವತ್ತು ಬೆಳಿಗ್ಗೆ ಸಭೆಗೆ ಹೋಗಲಿಲ್ಲ. ಮನಸ್ಸು ಗಟ್ಟಿ ಮಾಡಿ ಕೆಳಗಿನ ಅಂಗಡಿಯಿಂದ ಕಾಫಿಪುಡಿ ತಂದೆ. ಇನ್ನು ಯಾರ ಹಂಗು ಎಂದುಕೊಂಡೇ ಕಾಫಿ ಮಾಡಿದೆ, ಕುಡಿದೆ. ಬಾಯಿಗೆ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಲೋಟ ತೊಳೆದು, ಎಕ್ಸಾಸ್ಟ್ ಫ್ಯಾನ್ ಹಾಕಿ, ಕಿಟಕಿಗಳನ್ನೆಲ್ಲ ತೆರೆದೆ. ಪರದೆಗೆ ವಾಸನೆ ಹಿಡಿದರೆ ನಿಮಗೆ ಕಸಿವಿಸಿಯಾಗುತ್ತದೆಂದು. ನೀವು ಬೆಂಗಳೂರಿನಲ್ಲಿದ್ದೀರಿ, ನಾನು ಇಲ್ಲಿ ಪರದೆ ಕೊಡವುತ್ತಿದ್ದೇನೆ. ಕೈಯಲ್ಲಿ ಪರದೆ ಹಿಡಿದುಕೊಂಡೇ ನೆಲಕ್ಕೆ ಕೂತುಬಿಟ್ಟೆ.

ಬನ್ನಿ. ಹಿತಾಳ ಕೋಣೆಗೆ ನನ್ನ ಹಾಸಿಗೆ ಹಾಕಿಕೊಂಡಿದ್ದೇನೆ, ಅದು ಅಲ್ಲೇ ಇರುತ್ತದೆ. ನನ್ನನ್ನು ಮುಟ್ಟಲೇಬೇಕಲ್ಲ ಎಂದು ಇನ್ನು ನೀವು ಉಸಿರು ಬಿಗಿಹಿಡಿಯಬೇಡಿ. ಗಂಟಿನ ವಿಷಯ ಚರ್ಚಿಗೆ ಬರೆಯಬೇಡಿ. ಕೊನೆಯಿಲ್ಲದ ಆ ನಿತ್ಯ ನನ್ನ ಅಳತೆಗೆ ಮೀರಿದ್ದು, ಅದನ್ನು ನೀವೂ ನಿಮ್ಮ ದೇವರೂ ನೋಡಿಕೊಳ್ಳಿ. ನನಗೆ ತಿಳಿಯುವುದು ಹಾಲಿನವನ ನಿತ್ಯ. ಇವತ್ತು ಆಗುತ್ತದೆ, ನಾಳೆಯೂ ಆದೀತು. ಆಗದ ದಿನ ನಾನೇ ಹೇಳುತ್ತೇನೆ, ಹಲ್ಲುನೋವು ಎನ್ನುವುದಿಲ್ಲ. ಮೇಲೆ ಸರಿಯಾಗುತ್ತೇನೆ ಎಂಬ ಆ ಮಾತನ್ನು ಮಾತ್ರ ನನ್ನೆದುರು ಇನ್ನೊಮ್ಮೆ ಆಡಬೇಡಿ.

ಮಾವನವರಿಗೆ ನಮಸ್ಕಾರ ಹೇಳಿ. ದೇವರು ನಿಮ್ಮನ್ನು ಎಲ್ಲಿಟ್ಟರೂ, ಇದ್ದ ಹಾಗೆಯೇ ಇಟ್ಟಿರಲಿ.

ಇವತ್ತಿಗೆ ನಿಮ್ಮವಳೇ,
ವಾರಿಜಾಕ್ಷಿ